ಸಾಣೆ ಬೇಡದ ಉಳಿ

ಕಿತ್ತೂರು
೧೪ ಜೂನ್ ೨೦೨೪

ನನ್ನ ಮುದ್ದು ಚಿಗವ್ವಾ,

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನಿನಗೆ ಹೇಳುವುದು ಒಂದು ಟ್ರ್ಯಾಕ್ಟರ್ ತುಂಬುವಷ್ಟಿದೆ! ಮಗ್ಗದ ಶೆಡ್ಡು ನಿನ್ನ ಕಿವಿ ತಿಂದುಹಾಕಿದ್ದರಿಂದ ನಿನಗೆ ಫೋನು ಮಾಡುವುದು ದಂಡ. ಮೆಸೇಜು ಕಳಿಸಿದರೆ "ಅದು ಅಳಿಸಿ ಹೋಗತೈತಿ, ಕಾಗದ ಬರಿ" ಅನ್ನುತ್ತೀ. ಸರಿ, ಬರೆಯುತ್ತೇನೆ. ಆದರೆ ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವಳು ನೀನೇ. ಕಾಗುಣಿತ ತಪ್ಪಿದರೆ ಬೈಯುವ ಹಕ್ಕು ನಿನಗಿಲ್ಲ.

ಗೌತಮ ಎಷ್ಟು ಒಳ್ಳೆಯವನು ಗೊತ್ತಾ? ಹೈವೇ ಪಕ್ಕದ ಮಶೀನ್ ಶಾಪಿನಿಂದ ಸಂಜೆ ಬರುವಾಗ ಕೈಯಲ್ಲಿ ಏನಾದರೂ ಇರುತ್ತದೆ. ಒಂದು ದಿನ ಗಿರಮಿಟ್ಟು, ಒಂದು ದಿನ ಮಲ್ಲಿಗೆ, ನಿನ್ನೆ ಬರೀ ಒಂದು ಪೇರಲಹಣ್ಣು. ಅರ್ಧ ಅವನು, ಅರ್ಧ ನಾನು. ನಗಬೇಡ! ಇಡೀ ಜಗತ್ತಿನಲ್ಲಿ ಅಷ್ಟು ಸಿಹಿಯಾದ ಪೇರಲ ಇನ್ನೊಂದಿಲ್ಲ.

ಮಾವ ಶಂಕ್ರೆಪ್ಪನವರದು ಮಾತು ಕಡಿಮೆ. ಅತ್ತೆ ತೀರಿಕೊಂಡ ಮೇಲೆ ಇನ್ನೂ ಕಡಿಮೆಯಾಯಿತಂತೆ. ಅವರು ಕಟ್ಟಿಗೆ ಕಡೆಯುವ ಕೆಲಸದವರು. ಮಂಚದ ಕಾಲು, ಲಟ್ಟಣಿಗೆ, ಕುಂಕುಮದ ಭರಣಿ, ಇನ್ನೂ ಏನೇನೋ. ಹಿತ್ತಲಿನಲ್ಲಿ ಕಟ್ಟಿಗೆಯನ್ನು ತಿರುಗಿಸುವ ಅವರ ಲೇತ್ ಮಶೀನ್ ಇರುವ, ಪತ್ರಾಸಿನ ತಗಡು ಹೊದಿಸಿದ ಕೋಣೆಯಿದೆ. ಅವರು ಅದರೊಳಗೆ ಕಾಲಿಡುವುದನ್ನೇ ಬಿಟ್ಟಿದ್ದಾರೆ, ಕೀಲಿ ಈಗ ಗೌತಮನ ಹತ್ತಿರ. ರಜೆಯ ದಿನ ಅವನು ಒಳಗೆ ಸೇರಿದರೆ ಕಿರ್ರೋ ಎಂದು ಸದ್ದು. "ಏನು ಮಾಡಾಕತ್ತೀ?" ಅಂದರೆ, "ಮಶೀನ್ ಮಾರೂದೈತಿ, ಸಾಫ್ ಮಾಡಾಕತ್ತೀನಿ" ಅನ್ನುತ್ತಾನೆ.

ಒಂದು ತಮಾಷೆ. ನಡುಮನೆಯ ಗೋಡೆಗೆ ಬಾಬಾಸಾಹೇಬರ ಫೋಟೊ, ಬುದ್ಧನ ಫೋಟೊ, ಅತ್ತೆಯ ಫೋಟೊ. ಅವುಗಳ ಪಕ್ಕ ಒಂದು ಫೋಟೊದ ಅಗಲದಷ್ಟು ಗೋಡೆ ಮಾತ್ರ ಬೆಳ್ಳಗಿದೆ, ಮೊಳೆ ಹಾಗೇ ಇದೆ. "ಇಲ್ಲಿ ಏನಿತ್ತು?" ಎಂದು ಕೇಳಿದೆ. "ಕ್ಯಾಲೆಂಡರ್" ಅಂದ ಗೌತಮ. ಅದೇ ಹೊತ್ತಿಗೆ ಒಳಗೆ ಬಂದ ಮಾವ, "ಕನ್ನಡಿ. ಒಡೀತು" ಅಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗಂತೂ ನಗು ತಡೆಯಲಾಗಲಿಲ್ಲ.

ಈಗ ನಿಜವಾದ ಸುದ್ದಿ. ಕಪಾಟಿನಲ್ಲಿ ಅವನ ಅಂಗಿಗಳ ಹಿಂದೆ ಒಂದು ಪುಟ್ಟ ಡಬ್ಬಿ ಸಿಕ್ಕಿತು. ಒಳಗೆ ಬಂಗಾರದ ಬಣ್ಣದ ಪುಟಾಣಿ ಬಿಲ್ಲೆಗಳು, ನಡುವೆ ಚಂದದ ತೂತು. ಓಲೆಯೇ ಇರಬೇಕು! ಮುಂದಿನ ತಿಂಗಳು ನನ್ನ ಹುಟ್ಟುಹಬ್ಬ ಅಲ್ಲವೇ? ನೋಡೇ ಇಲ್ಲ ಎನ್ನುವ ಹಾಗೆ ಡಬ್ಬಿಯನ್ನು ಅಲ್ಲಿಯೇ ಇಟ್ಟಿದ್ದೇನೆ.

ಆಕಾಶದಷ್ಟು ಪ್ರೀತಿಯಿಂದ,
ಪ್ರಜ್ಞಾ


ರಾಮದುರ್ಗ
೨೧ ಜೂನ್ ೨೦೨೪

ಪ್ರಜ್ಞಾ,

ಕಾಗದ ಮುಟ್ಟಿತು. ಪೇರಲಹಣ್ಣಿನ ಸಂಗತಿ ಇರಲಿ. ಕ್ಯಾಲೆಂಡರೋ, ಕನ್ನಡಿಯೋ? ಒಂದ ಮೊಳಿಗೆ ಎರಡು ಉತ್ತರ ಯಾಕ ಬಂದುವು? ಅದು ನಗೂ ಮಾತಲ್ಲ, ಕೇಳೂ ಮಾತು.

ಬಂಗಾರ ಅಂತಿ. ಹಲ್ಲಾಗ ಕಚ್ಚಿ ನೋಡಿದೇನು? ಓಲಿ ಅಂದ್ರ ಜೋಡಿ ಇರತಾವ, ಹಿಂದ ತಿರುಪು ಇರತೈತಿ. ತಿರುಪು ಇತ್ತೇನು? ಮಾರೂ ಮಶೀನನ್ನ ಯಾರೂ ವಾರ ವಾರ ಬಾಗಲಾ ಹಾಕ್ಕೊಂಡು ಸಾಫ್ ಮಾಡೂದಿಲ್ಲ.

ನಿನ್ನ ಕಾಕಾ ಇಚಲಕರಂಜಿಗೆ ಮಗ್ಗದ ಲಾಳಿ ತರತೇನಂತ ಹೋಗತಿದ್ದ. ಲಾಳಿ ತರತಿದ್ದ, ಅದು ಖರೇ. ಲಾಳಿ ಸಿಗೂ ಓಣ್ಯಾಗನ ಇನ್ನೊಂದು ಸಂಸಾರನೂ ಐತಿ ಅಂತ ನನಗ ಆಮ್ಯಾಲೆ ಗೊತ್ತಾತು. ಹಂಗಂತ ನಿನ್ನ ಗಂಡಗ ನಾ ಏನೂ ಅನ್ನೂದಿಲ್ಲ. ಕಣ್ಣು ತಕ್ಕೊಂಡು ಇರು, ಅಷ್ಟ.

ಹೊತ್ತಿಗೆ ಸರಿಯಾಗಿ ಉಣ್ಣು.
ರಾಯವ್ವ ಚಿಗವ್ವ


ಕಿತ್ತೂರು
೯ ಜುಲೈ ೨೦೨೪

ಪ್ರೀತಿಯ ಚಿಗವ್ವ,

ನಿನ್ನ ಕಾಗದ ಓದಿದರೆ ನೀನೇ ಎದುರು ಕುಳಿತು ಕಣ್ಣು ಬಿಟ್ಟ ಹಾಗೆ. ಸಿಟ್ಟು ಬಂದಿತ್ತು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈಗ ಸಿಟ್ಟಿಲ್ಲ, ಬೇರೆ ಏನೋ ಇದೆ.

ಹುಟ್ಟುಹಬ್ಬ ಆಯಿತು. ಗೌತಮ ಇಳಕಲ್ ಸೀರೆ ತಂದ, ಕೇಕು ತಂದ, ನನ್ನ ಕೆನ್ನೆಗೆಲ್ಲ ಕ್ರೀಮು ಬಳಿದ. ಓಲೆ ಕೊಡಲಿಲ್ಲ. ಕೊನೆಗೆ ಕೊಡುತ್ತಾನೆ, ಮಲಗುವಾಗ ಕೊಡುತ್ತಾನೆ ಎಂದು ಕಾದೆ. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಕಪಾಟು ತೆರೆದೆ. ಡಬ್ಬಿ ಇತ್ತು. ಖಾಲಿ ಇತ್ತು.

ಅಂದರೆ ಯಾರಿಗೋ ಕೊಟ್ಟಿದ್ದಾನೆ. ಅಂದಿನಿಂದ ಓಣಿಯ ಹೆಂಗಸರ ಕಿವಿಗಳನ್ನು ನೋಡುವುದೇ ನನ್ನ ಕೆಲಸವಾಗಿದೆ. ಎದುರು ಮನೆಯ ಮರೆವ್ವಜ್ಜಿ ಮೊನ್ನೆ, "ಯಾಕ ತಂಗಿ, ನನ್ನ ಕಿವ್ಯಾಗ ಏನರ ಹೊಕ್ಕೈತೇನು?" ಅಂದಳು.

ಇನ್ನೊಂದು ಸಂಗತಿ. ಕಳೆದ ರಜೆಗೆ "ಬೈಲಹೊಂಗಲಕ್ಕ ಹೋಗಿ ಬರತೇನಿ, ಮೋಟಾರಿನ ಬೆಲ್ಟ್ ಹರದೈತಿ" ಎಂದು ಹೋದ. ಸಂಜೆ ಬಂದಾಗ ಅಂಗಿಯ ತೋಳಿಗೆ ಅರಿಷಿಣದ ಪುಡಿ. ತೊಳೆದರೂ ಹೋಗದ ಹಾಗೆ ಹತ್ತಿದ ಭಂಡಾರ. ಬೈಲಹೊಂಗಲದ ಬೆಲ್ಟಿನ ಅಂಗಡಿಯಲ್ಲಿ ಭಂಡಾರ ಎಲ್ಲಿಂದ ಬಂತು? ಅದು ಯಲ್ಲಮ್ಮನ ಗುಡ್ಡದ ಕಡೆಯದು. ಈ ಮನೆಯವರು ಗುಡ್ಡಕ್ಕೆ ನಡೆದುಕೊಳ್ಳುವುದನ್ನು ಅಜ್ಜನ ಕಾಲಕ್ಕೇ ಬಿಟ್ಟವರು. ನಮ್ಮ ಹಾಗೆಯೇ.

"ಎಲ್ಲಿ ಹೋಗಿದ್ದಿ?" ಅಂದೆ. "ಹೇಳಿದ್ನೆಲ್ಲ" ಅಂದ. ಅಂಗಿಯನ್ನು ತಾನೇ ಒಗೆಯುತ್ತೇನೆ ಅಂದ. ಒಗೆಯುವಾಗ ಸೀಟಿ ಹೊಡೆಯುತ್ತಿದ್ದ. ಮೊದಲಾದರೆ ಆ ಸೀಟಿ ಕೇಳಿ ನಾನು ಕರಗಿಹೋಗುತ್ತಿದ್ದೆ.

ನೀನು ಹೇಳು. ಏನಾದರೂ ಹೇಳು.
ನಿನ್ನ ಪ್ರಜ್ಞಾ


ರಾಮದುರ್ಗ
೧೫ ಜುಲೈ ೨೦೨೪

ಪ್ರಜ್ಞಾ,

ಅಳಬ್ಯಾಡ. ಕಣ್ಣೀರು ಬಂದ್ರ ಕಣ್ಣು ಕಾಣಸೂದಿಲ್ಲ.

ನಿನ್ನ ಮಾರ್ಕ್ಸ್ ಕಾರ್ಡು, ಆಧಾರು ಎಲ್ಲಾ ಒಂದ ಚೀಲದಾಗ ಇಟ್ಟಿರು. ಹೆದರಸಾಕ ಹೇಳಾಕತ್ತಿಲ್ಲ. ನಾ ಆವಾಗ ಇಟ್ಟಿರಲಿಲ್ಲ, ಅದಕ ಹೇಳಾಕತ್ತೀನಿ.

ಅಂಗಿ ವಾಸನಿ ನೋಡೂದು ಬಿಡು. ಆ ಹಿತ್ತಲಕೋಣಿ ಒಳಗ ಏನೈತಿ ಅದನ್ನ ಮೊದಲ ನೋಡು. ಬಾಗಲಾ ಹಾಕಿದ್ರ ಬಡಿ. ನಿನ್ನ ಮನಿ ಬಾಗಲಾ ಅದು. ಕಳ್ಳರಂಗ ಸಂದ್ಯಾಗಿಂದ ನೋಡಬ್ಯಾಡ, ನೆಟ್ಟಗ ಒಳಗ ಹೋಗು.

ಬಾ ಅಂದ್ರ ಬರತೇನಿ.
ರಾಯವ್ವ ಚಿಗವ್ವ


ಕಿತ್ತೂರು
೪ ಆಗಸ್ಟ್ ೨೦೨೪

ನನ್ನ ಬಂಗಾರದಂಥ ಚಿಗವ್ವಾ,

ಹೋದೆ! ಬಾಗಿಲು ಬಡಿದೆ, ಒಳಗೆ ಹೋದೆ, ಮತ್ತು ಈಗ ನನ್ನಷ್ಟು ಪೆದ್ದಿ ಈ ತಾಲೂಕಿನಲ್ಲೇ ಇಲ್ಲ!

ಗೌತಮ ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಕೊಂಡು ಕಬ್ಬಿಣದ ಸರಳನ್ನು ಗ್ರೈಂಡರಿಗೆ ಹಿಡಿದಿದ್ದ. ದೀಪಾವಳಿಯ ಹಾಗೆ ಕಿಡಿ. ನಾನು ಕಿರುಚಿದೆ.

"ನನ್ನ ಓಲಿ ಎಲ್ಲಿ?"

"ಯಾವ ಓಲಿ?"

"ಕಪಾಟಿನ್ಯಾಗಿದ್ದುವಲ್ಲ! ಬಂಗಾರದ್ದು, ನಡುವ ತೂತು ಇದ್ದುವು! ಯಾರ ಕಿವಿಗೆ ಹಾಕಿದಿ ಹೇಳು!"

ಅವನು ಒಂದು ಕ್ಷಣ ಬಾಯಿ ತೆರೆದು ನಿಂತ. ಆಮೇಲೆ ಮೂಲೆಯಿಂದ ಒಂದು ಉದ್ದನೆಯ ಉಳಿಯಂಥದ್ದನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ. ಅದರ ತುದಿಯಲ್ಲಿ, ಒಂದು ಸ್ಕ್ರೂ ಹಾಕಿ ಕೂರಿಸಿದ್ದ, ನನ್ನ ಓಲೆ!

"ಇದರ ಕಿವಿಗೆ" ಅಂದ. "ನೀ ಹಾಕ್ಕೊಂಡಿದ್ರ ಕಿವಿ ಹರದು ಕೈಗೆ ಬರತಿತ್ತು, ಹುಚ್ಚಿ."

ಅದರ ಹೆಸರು ಕಾರ್ಬೈಡ್. ಅವರ ಮಶೀನ್ ಶಾಪಿನಲ್ಲಿ ಕಬ್ಬಿಣ ಕೊರೆಯುವುದೇ ಅದರಿಂದ. ವಜ್ರದ ಹಾಗೆ ಗಟ್ಟಿ, ಆದರೆ ಕೆಳಗೆ ಬಿದ್ದರೆ ಗಾಜಿನ ಹಾಗೆ ಚೂರು. ಅದನ್ನು ತುದಿಗೆ ಹಾಕಿ ಕಟ್ಟಿಗೆ ಕಡೆಯುವ ಉಳಿಗಳನ್ನು ಮನೆಯಲ್ಲೇ ಮಾಡುತ್ತಿದ್ದಾನೆ. ನಾನೂ ಒಂದು ಮಾಡಿದೆ, ಚಿಗವ್ವ! ನಾನು! ಚೌಕದ ಕಬ್ಬಿಣದ ಸರಳನ್ನು ಮೊಳದುದ್ದ ಕೊಯ್ಯಬೇಕು. ತುದಿಯಲ್ಲಿ ಬಿಲ್ಲೆ ಕೂರಲು ಮೆಟ್ಟಿಲಿನಂತೆ ತಗ್ಗು ತೆಗೆಯಬೇಕು. ಅದು ಕನ್ನಡಿಯಂತೆ ಸಮ ಇರಬೇಕು. ಒಂದು ಕೂದಲೆಳೆ ಉಬ್ಬಿದ್ದರೂ ಸ್ಕ್ರೂ ಬಿಗಿದ ಕೂಡಲೇ ಬಿಲ್ಲೆ ಟಪ್ ಎಂದು ಒಡೆಯುತ್ತದೆ. ನಾನು ಒಂದನ್ನು ಒಡೆದೆ. ಆಮೇಲೆ ತೂತು ಕೊರೆದು, ಅದರೊಳಗೆ ಸ್ಕ್ರೂ ಹಿಡಿಯುವ ಎಳೆ ತೆಗೆದು, ಬಿಲ್ಲೆ ಇಟ್ಟು ಬಿಗಿಯುವುದು. ಹಿಡಿಕೆಗೆ ಜಾಲಿಯ ಕಟ್ಟಿಗೆ, ಬಾಯಿ ಸೀಳದಂತೆ ಅದಕ್ಕೊಂದು ಹಿತ್ತಾಳೆ ಪೈಪಿನ ಬಳೆ, ಒಳಗೆ ಅಂಟು. ಮುಗಿಯಿತು. ಇದಕ್ಕೆ ಸಾಣೆ ಹಿಡಿಯುವುದೇ ಬೇಡ. ಒಂದು ಕಡೆ ಮೊಂಡಾದರೆ ಸ್ಕ್ರೂ ಸಡಿಲಿಸಿ ಬಿಲ್ಲೆಯನ್ನು ಒಂದಿಷ್ಟು ತಿರುಗಿಸಿದರೆ ಸಾಕು, ಮತ್ತೆ ಹೊಸ, ಹರಿತವಾದ ಬಾಯಿ. ಹಿಡಿಯುವುದೂ ಸುಲಭ, ನೆಲಕ್ಕೆ ಸಮನಾಗಿ ನೆಟ್ಟಗೆ ಹಿಡಿದು ಒಳಗೆ ನೂಕುವುದು.

ಬಂಗಾರದ ಬಣ್ಣದವು ಕಟ್ಟಿಗೆಗೆ ಬರುವುದಿಲ್ಲವಂತೆ! ಅವು ಕಬ್ಬಿಣಕ್ಕೆ ಮಾಡಿದವು, ಬಾಯಿ ಸ್ವಲ್ಪ ದುಂಡಗೆ. ಕಟ್ಟಿಗೆಗೆ ಹಿಡಿದರೆ ನಾರು ಕಿತ್ತು ಬಂದು ನಾಯಿ ಕಡಿದ ಹಾಗಾಯಿತು. ಕಬ್ಬಿಣದ ಕೆಲಸದವನ ತಪ್ಪು ಇದು. ಆಮೇಲೆ ಬೂದು ಬಣ್ಣದ, ಬ್ಲೇಡಿನಂಥ ಬೇರೆ ಬಿಲ್ಲೆ ತರಿಸಿದ. ಬೇಡವಾದ ಒಂದು ಬಂಗಾರದ್ದು ಈಗ ನನ್ನ ಕೀಲಿಗೊಂಚಲಿನಲ್ಲಿದೆ.

"ಮಾವಾರ ಉಳಿ ಇಲ್ಲೇನು? ಇಷ್ಟೆಲ್ಲಾ ಯಾಕ?" ಎಂದು ಕೇಳಿದೆ.

"ಅಟ್ಟದ ಮ್ಯಾಲೆ ಚೀಲದಾಗ ಅದಾವ. ಮುಟ್ಟಗೊಡೂದಿಲ್ಲ. ಕೊಟ್ರೂ ನನಗ ಸಾಣಿ ಹಿಡಿಯಾಕ ಬರೂದಿಲ್ಲ, ಅಪ್ಪ ನನಗ ಕಲಿಸಲಿಲ್ಲ."

"ಮತ್ತ ಯಾರಿಗೆ ಕಲಿಸಿದ್ರು?"

ಗೌತಮ ಮಶೀನ್ ಚಾಲೂ ಮಾಡಿದ. ಸದ್ದಿಗೆ ಏನೂ ಕೇಳಲಿಲ್ಲ.

ಮಾವ ಹಿತ್ತಲಿನಿಂದಲೇ, "ಆತೇನು ಸಾಣಿ ಹಿಡೀಲಾರದವರ ಉಳಿ?" ಎಂದು ಚುಚ್ಚಿ ಹೋಗುತ್ತಾರೆ. ಬಾಗಿಲು ಮಾತ್ರ ದಾಟುವುದಿಲ್ಲ.

ಅವನು ಕಡೆದಿರುವುದನ್ನು ನೀನು ನೋಡಬೇಕಿತ್ತು! ಅತ್ತೆಯ ಹಳೆಯ ಸಾಗವಾನಿ ಮಂಚ ಬಿಚ್ಚಿ ಅದರ ಕಟ್ಟಿಗೆಯಲ್ಲಿ ಸೊಂಟದೆತ್ತರದ ಸಪೂರ ಕಂಬಗಳು, ಕೆಳಗೆ ನಿಂಬೆಹಣ್ಣಿನಂಥ ಗುಂಡು, ಮೇಲೆ ಸರಪಳಿಗೆ ಕೊಂಡಿ. ಒಂದು ನಾನೂ ಕಡೆದೆ, ನಾಲ್ಕು ತಯಾರಾದವು. ಜೊತೆಗೆ ಗೇಣುದ್ದದ ಸಣ್ಣ ಸರಳುಗಳ ರಾಶಿ. ಯಾರದೋ ಮಂಟಪಕ್ಕಂತೆ. ಎಷ್ಟು ಮುದ್ದಾಗಿವೆ!

ಕಟ್ಟಿಗೆಯ ಪುಡಿಯಲ್ಲಿ ಮಿಂದ,
ಪ್ರಜ್ಞಾ


ರಾಮದುರ್ಗ
೧೦ ಆಗಸ್ಟ್ ೨೦೨೪

ಪ್ರಜ್ಞಾ,

ಓಲಿ ವಿಷಯ ಮುಗೀತು, ಒಳ್ಳೇದಾತು. ನೀ ಉಳಿ ಮಾಡಿದ್ದು ಓದಿ ಸಂತೋಷಾತು. ಈಗ ನಾ ಬರಿಯೂದನ್ನ ಕುಂತು ಓದು.

ಸೊಂಟದೆತ್ತರದ ನಾಕು ಕಂಬ, ಕೆಳಗ ಗುಂಡು, ಮ್ಯಾಲೆ ಸರಪಳಿ ಕೊಂಡಿ, ಗೇಣುದ್ದದ ಸರಳು. ಅದು ಮಂಟಪ ಅಲ್ಲ. ಅದು ತೊಟ್ಟಿಲ.

ತೊಟ್ಟಿಲ ಹೆಣ್ಣಿನ ತವರಮನಿಂದ ಬರಬೇಕು. ಗಂಡನ ಮನ್ಯಾಗ ಮಾಡೂದಿಲ್ಲ, ಬಸುರಾಗೂಕಿಂತ ಮೊದಲಂತೂ ಮಾಡೂದ ಇಲ್ಲ. ನಿನಗ ಏನರ ಐತೇನು? ಇದ್ರ ಮೊದಲ ನನಗ ಹೇಳತಿದ್ದಿ. ಅಂದ್ರ ಅದು ನಿಂದಲ್ಲ. ಮಾರಾಕ ಮಾಡಿದ್ರ ಮಂಟಪ ಅಂತ ಸುಳ್ಳು ಯಾಕ ಹೇಳತಿದ್ದ? ತನ್ನ ತಾಯಿ ಮಂಚಾ ಮುರದು ಯಾವ ಗಿರಾಕಿಗೆ ತೊಟ್ಟಿಲ ಮಾಡತಾನ?

ಭಂಡಾರದ ಊರಾಗ ಯಾರದೋ ಕೂಸು ಮಲಗೂದೈತಿ. ಯಾರದು?

ಬರೂ ಐತವಾರ ಮುಂಜಾನೆ ಬಸ್ಸಿಗೆ ಬರತೇನಿ. ಆತಗ ಮೊದಲ ಹೇಳಬ್ಯಾಡ.
ರಾಯವ್ವ


ಕಿತ್ತೂರು
೨೨ ಆಗಸ್ಟ್ ೨೦೨೪

ಚಿಗವ್ವ,

ನೀನು ಬಂದೆ, ಅಂಗಳದಲ್ಲಿ ನಿಂತು ಒದರಿದೆ, ಬಸ್ಸಿಗೆ ಹೋದೆ. ನಾನು ಬೆನ್ನಟ್ಟಿ ಬಂದು ಕೈ ಹಿಡಿದರೂ ನಿಲ್ಲಲಿಲ್ಲ. "ತಲಿ ತಗ್ಗಿಸಿದನಲ್ಲ, ಅಷ್ಟ ಸಾಕು" ಅಂದೆ. ಮಗ್ಗದ ಸದ್ದಿನಲ್ಲಿ ಎದುರಿನವರ ತುಟಿ ಓದಿಯೇ ಮಾತು ತಿಳಿಯುವುದನ್ನು ಕಲಿತವಳು ನೀನು. ಆದರೆ ಆವತ್ತು ಗೌತಮ ತಲೆ ತಗ್ಗಿಸಿ ಮಾತಾಡಿದ, ಮಾವ ಬೆನ್ನು ತಿರುಗಿಸಿ ಮಾತಾಡಿದರು. ನಿನಗೆ ಯಾರ ತುಟಿಯೂ ಕಾಣಲಿಲ್ಲ. ಅಲ್ಲಿ ಏನೇನು ಮಾತಾಯಿತು ಎಂದು ಈಗ ಬರೆಯುತ್ತೇನೆ.

"ಆ ತೊಟ್ಟಿಲ ಯಾರದು? ಯಾವಾಕಿನ್ನ ಇಟ್ಟೀ ಅಲ್ಲಿ?" ಎಂದು ನೀನು ಕೇಳಿದಾಗ ಗೌತಮ ಹೇಳಿದ್ದು ಇದು: "ಅಕ್ಕಂದರಿ. ನಮ್ಮ ದುರ್ಗಕ್ಕಂದು."

ಅಕ್ಕ. ಅವನಿಗೊಬ್ಬಳು ಅಕ್ಕ ಇದ್ದಾಳೆ. ಗೋಡೆಯ ಮೇಲಿನ ಆ ಬಿಳಿ ಜಾಗ ಅವಳದು.

ಮಾವ ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲಿದ್ದರು. "ಯಾರ ಹೆಸರು ತಗೊಂಡಿ?" ಅಂದರು. ತಿರುಗಿ ಗೋಡೆಯ ಕಡೆ ಮುಖ ಮಾಡಿದರು. "ಈ ಮನ್ಯಾಗ ಆ ಹೆಸರು ಇಲ್ಲ."

"ದಿನ ತುಂಬಾಕ ಬಂದಾವಪ್ಪಾ. ಹೆರಿಗಿಗೆ ತವರಿಗೆ ಬರಾಕ ಆಗಲಿಲ್ಲ. 'ತವರಿಲ್ಲದಾಕಿ' ಅಂತ ಓಣ್ಯಾಗ ಅಂತಾರ. ಕೂಸಿಗೆ ಒಂದು ತೊಟ್ಟಿಲನರ ನಮ್ಮ ಮನಿಂದ ಹೋಗಲಿ."

"ನಮ್ಮ ನೀರು ಮುಟ್ಟದವರ ಮನ್ಯಾಗ ನಮ್ಮ ತೊಟ್ಟಿಲ ತೂಗತಾರೇನು?"

ಆಮೇಲೆ ನಡೆದದ್ದು ನೀನು ನೋಡಿದ್ದೀ. ಮಾವ ಗೌತಮನ ಜೇಬಿಗೆ ಕೈ ಹಾಕಿ ಕೀಲಿ ಕಿತ್ತುಕೊಂಡು ಹಿತ್ತಲಕೋಣೆಗೆ ಬೀಗ ಜಡಿದರು. ತೊಟ್ಟಿಲು ಒಳಗಿದೆ. ಕೀಲಿ ಮಾವನ ಉಡಿದಾರದಲ್ಲಿದೆ.

ಉಳಿದದ್ದನ್ನು ಗೌತಮ ಆಮೇಲೆ ಹೇಳಿದ. ಮಾವ ಸಾಣೆ ಹಿಡಿಯುವುದನ್ನು, ಕಡೆಯುವುದನ್ನು ಕಲಿಸಿದ್ದು ದುರ್ಗಕ್ಕನಿಗೆ. ಅವಳಿಗೆ ಗುಡ್ಡದ ಹತ್ತಿರದ ಉಗರಗೋಳದ ಮಾಂತೇಶ ಎನ್ನುವವನ ಮೇಲೆ ಮನಸ್ಸಾಯಿತು. ಅವರು ಹೊಲ, ಮನೆ ಇರುವ ಮೇಲ್ಜಾತಿಯವರು. ಗುಡ್ಡಕ್ಕೆ ಬರುವವರಿಗೆ ಕಾಯಿ, ಭಂಡಾರ ಮಾರುವ ಅಂಗಡಿಯೂ ಇದೆ. ಅವನ ತಾಯಿ ಬಾಯವ್ವ ಮತ್ತು ಹಿರಿಯರು ಮಾತಿಗೆಂದು ಇಲ್ಲಿಗೆ ಬಂದರು. ಅತ್ತೆ ತಂಬಿಗೆ ತುಂಬ ನೀರು ತಂದಿಟ್ಟರು. ಅವರು ಕುಳಿತರು, ಮಾತಾಡಿದರು, ಎದ್ದರು. ತಂಬಿಗೆಯ ನೀರು ಹಾಗೇ ಇತ್ತು. ಯಾರೂ ಬೈಯಲಿಲ್ಲ, ಜಗಳವಾಡಲಿಲ್ಲ. ಮಾವ ಆ ತಂಬಿಗೆಯನ್ನು ತೋರಿಸಿ, "ಇದನ್ನ ನೋಡಿದ ಮ್ಯಾಲೂ ನೀ ಹೋದ್ರ ನನ್ನ ಮಗಳಲ್ಲ" ಅಂದರು. ದುರ್ಗಕ್ಕ ಹೋದಳು. ಮಾವ ಉಳಿಗಳನ್ನು ಚೀಲಕ್ಕೆ ಹಾಕಿ ಅಟ್ಟಕ್ಕೇರಿಸಿದರು.

ಗೌತಮ ಕದ್ದು ಅಂಗಡಿಗೆ ಹೋಗಿ ಅಕ್ಕನನ್ನು ನೋಡಿ ಬರುತ್ತಿದ್ದ. ಅದೇ ಭಂಡಾರ.

"ನನಗ್ಯಾಕ ಹೇಳಲಿಲ್ಲ?" ಅಂದೆ. "ಹೇಳಿದ್ರ ನಿಮ್ಮ ಚಿಗವ್ವ ಸಂಬಂಧ ಬಿಡತಿದ್ರು" ಅಂದ. "ಲಗ್ನ ಆದ ಮ್ಯಾಲೆ?" ಅಂದೆ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಇನ್ನೊಬ್ಬಳು ಹೆಂಗಸು ಇಲ್ಲ ಎಂದು ನಾನು ಕುಣಿದಾಡಬೇಕಿತ್ತು. ಆದರೆ ಒಬ್ಬ ಅಕ್ಕನನ್ನೇ ಇಡಿಯಾಗಿ ಮುಚ್ಚಿಟ್ಟು ನನ್ನೊಂದಿಗೆ ಪೇರಲಹಣ್ಣು ಹಂಚಿಕೊಂಡು ತಿಂದವನು ಇನ್ನೇನೇನು ಮುಚ್ಚಿಟ್ಟಿದ್ದಾನೋ! ಅವನು ಸೀಟಿ ಹೊಡೆದರೂ ಈಗ ಯಾಕೆ ಎಂದು ಯೋಚಿಸುತ್ತೇನೆ. ಬ್ಯಾಗು ತುಂಬಿಟ್ಟಿದ್ದೇನೆ. ಮಂಚದ ಕೆಳಗಿದೆ. ಅವನು ಅದನ್ನು ನೋಡಿದ್ದಾನೆ, ನೋಡೇ ಇಲ್ಲದವನಂತೆ ಇದ್ದಾನೆ.

ಪ್ರಜ್ಞಾ


ರಾಮದುರ್ಗ
೧ ಸೆಪ್ಟೆಂಬರ್ ೨೦೨೪

ಪ್ರ​ಜ್ಞಾ,

ಕಾಗದ ಮೂರು ಸಲ ಓದಿದೆ.

ಸಂಬಂಧ ಬಿಡತಿದ್ನೇನು ಅಂತ ನನ್ನನ್ನ ನಾನ ಕೇಳ್ಕೊಂಡೆ. ಬಿಡತಿದ್ನೋ ಏನೋ. ಅದನ್ನ ಆತಗ ಹೇಳಬ್ಯಾಡ.

ಬ್ಯಾಗು ಇರಲಿ, ಬಿಚ್ಚಬ್ಯಾಡ. ಆದ್ರ ಎತ್ತಿಕೊಂಡೂ ಬರಬ್ಯಾಡ. ನಿನ್ನ ಕಾಕಾ ಮುಚ್ಚಿಟ್ಟಿದ್ದು ತನ್ನ ಸುಖಕ್ಕ. ಈತ ಮುಚ್ಚಿಟ್ಟಿದ್ದು ಯಾತಕ್ಕ ಅಂತ ಇನ್ನೊಂದಿಷ್ಟು ದಿನ ನೋಡು.

ಕಂಡಕ್ಟರ್ ಬಸಯ್ಯನ ಕೈಯಾಗ ಒಂದು ಸೀರಿ ಕಳಿಸೇನಿ. ನಾನ ನೇದದ್ದು, ಮೆತ್ತಗೈತಿ. ತೊಟ್ಟಿಲ ಹೊರಗ ಬಂದ್ರ ಒಳಗ ಹಾಸಾಕ. ಬರದಿದ್ರ ನೀ ಉಟ್ಕೊ. ಆ ಬಾಯವ್ವನ್ನ ಮಾತ್ರ ನಂಬಬ್ಯಾಡ. ಅಂದು ತಂಬಿಗಿ ಮುಟ್ಟದಾಕಿ ಇಂದು ತೊಟ್ಟಿಲ ಮುಟ್ಟತಾಳಂತ ನನಗ ಅನಸೂದಿಲ್ಲ.

ನಿಮ್ಮ ಮಾವ ನನ್ನ ಒದರಾಟದ ಬಗ್ಗೆ ಏನರ ಅಂದ್ನೇನು?
ರಾಯವ್ವ ಚಿಗವ್ವ


ರಾಮದುರ್ಗ
೨೭ ಸೆಪ್ಟೆಂಬರ್ ೨೦೨೪

ಪ್ರಜ್ಞಾ,

ಉತ್ತರ ಇಲ್ಲ. ಸೀರಿ ಮುಟ್ಟಿತೋ ಇಲ್ಲೋ? ಬಸಯ್ಯ ಮುಟ್ಟೈತಿ ಅಂತಾನ, ಆತನ ಮಾತು ಏನು ನಂಬೂದು.

ಎರಡು ಸಾಲು ಬರಿ.
ಚಿಗವ್ವ


ಕಿತ್ತೂರು
೧೫ ಅಕ್ಟೋಬರ್ ೨೦೨೪

ನನ್ನ ಚಿಗವ್ವಾ,

ಎರಡು ಸಾಲಿನಲ್ಲಿ ಆಗುವುದಿಲ್ಲ. ಕುಳಿತು ಓದು.

ದುರ್ಗಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಗೌತಮ ಊಟಕ್ಕೆ ಕುಳಿತಾಗ ಗೋಡೆಗೆ ಹೇಳುವಂತೆ ಹೇಳಿದ: "ಹೆಣ್ಣು. ಇಬ್ಬರೂ ಆರಾಮ ಅದಾರ." ಮಾವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಬೀಗ ತೆರೆದು ಕೊಂಡಿಗೆ ನೇತಾಡುತ್ತಿತ್ತು. ಒಳಗೆ ಮಾವ! ಹೊಸ್ತಿಲು ದಾಟದ ಮನುಷ್ಯ ಲೇತಿನ ಮುಂದೆ ನಿಂತಿದ್ದರು. ಮೂರು ಕಂಬ ಗೋಡೆಗಿದ್ದವು. ನಾಲ್ಕನೆಯದು, ಗೌತಮನದೇ ಒಂದು, ಮಶೀನಿಗೆ ಏರಿತ್ತು.

"ಇದು ನಿಮ್ಮತ್ತಿ ಮಂಚ" ಅಂದರು, ನನ್ನ ಕಡೆ ನೋಡದೆ. "ಗುಂಡು ನೋಡು, ಬದನೀಕಾಯಿ ಆಗೈತಿ. ಒಂದೀಟು ತಿದ್ದತೇನಿ."

ಕೈಯಲ್ಲಿ ಹಿಡಿದದ್ದು ನಾನು ಮಾಡಿದ ಉಳಿ. ನನಗೆ ಎಷ್ಟು ಖುಷಿ! ಆದರೆ ಅವರು ಅದನ್ನು ತಮ್ಮ ಹಳೆಯ ಉಳಿ ಹಿಡಿಯುವ ಹಾಗೆ ಹಿಡಿಕೆ ತಗ್ಗಿಸಿ ಮೂತಿ ಮೇಲೆತ್ತಿದರು. ಇದನ್ನು ಹಾಗೆ ಹಿಡಿಯುವಂತಿಲ್ಲ. "ಮಾವಾ, ಮಟ್ಟಸ ಹಿಡೀರಿ..." ಎನ್ನುವಷ್ಟರಲ್ಲಿ ಬಿಲ್ಲೆ ಕಟ್ಟಿಗೆಯೊಳಗೆ ಕಚ್ಚಿತು, ಧಡ್ ಎಂದಿತು, ಕಂಬ ನಡುವೆ ಸೀಳಿ ಹಾರಿ ಪತ್ರಾಸಿಗೆ ಬಡಿಯಿತು.

ಬೇಕೆಂದೇ ಮುರಿದರು! ನನಗೆ ಮೊದಲು ಬಂದ ಯೋಚನೆ ಅದೇ. ಕಣ್ಣಿಗೆ ಕಣ್ಣಿಟ್ಟು ನೋಡಿದೆ. ಅವರ ಮುಖ ಗಾಜು ಒಡೆದ ಹುಡುಗನ ಮುಖದಂತಾಗಿತ್ತು.

"ನಿನ್ನ ಉಳಿ ನನ್ನ ಮಾತು ಕೇಳವಲ್ದು" ಅಂದರು.

"ಅದಕ್ಕ ನಿಮ್ಮ ಕೈ ಗುರುತಿಲ್ಲರಿ" ಅಂದೆ.

"ಮಂಚದ ಕಟ್ಟಿಗಿ ಇನ್ನೊಂದು ಉಳದೈತೇನು?"

ಉಳಿದಿತ್ತು. ಅವರು ಅಟ್ಟ ಹತ್ತಿದರು. ಚೀಲ ಇಳಿಸಿದರು. ಉಳಿಗಳಿಗೆ ತುಕ್ಕು ಹಿಡಿದಿತ್ತು. ಊಟಕ್ಕೂ ಏಳದೆ ಸಾಣೆಕಲ್ಲಿನ ಮೇಲೆ ಉಜ್ಜಿದರು, ಹೆಬ್ಬೆರಳಿನಿಂದ ಮುಟ್ಟಿ ನೋಡಿದರು, ಮತ್ತೆ ಉಜ್ಜಿದರು. ಸಂಜೆ ಗೌತಮ ಬಂದು ಬಾಗಿಲಲ್ಲಿ ನಿಂತ. ನಾಲ್ಕನೆಯ ಕಂಬ ತಯಾರಾಯಿತು. ಉಳಿದ ಮೂರರ ಹಾಗೆಯೇ, ಆದರೆ ಅದರ ನಡುವೆ ಒಂದು ಉಂಗುರ. ಅಂಟಿಸಿದ್ದಲ್ಲ, ತೊಡಿಸಿದ್ದಲ್ಲ. ಅದೇ ಕಟ್ಟಿಗೆಯಲ್ಲಿ ಕಂಬದಿಂದ ಬಿಡಿಸಿ ಕಡೆದದ್ದು. ಗರಗರ ತಿರುಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಗೌತಮನಿಗಾಗಲೀ ನನಗಾಗಲೀ ಬಾರದ ಕೆಲಸ.

"ನಾ ಮುಟ್ಟೇನಿ ಅಂತ ಆಕಿಗೆ ಹೇಳಿದ್ರ ಕೊಡಲಿ ತಗೊಂಡು ಸೀಳತೇನಿ" ಅಂದರು. ಎದ್ದು ಹೋದರು.

ಮೊನ್ನೆ ಐತವಾರ ತೊಟ್ಟಿಲಿಗೆ ಹಾಕುವ ದಿನ. ಓಣಿಯ ಭೀಮಶಿಯ ಟಂಟಂ ಗಾಡಿ ಮಾಡಿಸಿಕೊಂಡು ಹೊರಟೆವು. ದಾರಿಯಲ್ಲಿ ಕಂಬಗಳು ಒಂದಕ್ಕೊಂದು ತಾಗಿ ಗಾಯವಾಗದಂತೆ ನನ್ನ ಬ್ಯಾಗಿನಲ್ಲಿದ್ದ ಬಟ್ಟೆಗಳನ್ನೆಲ್ಲ ತೆಗೆದು ಸುತ್ತಿದೆ. ಗೌತಮ ಒಂದೊಂದೇ ಕುರ್ತಾ ಕೈಗೆ ಕೊಟ್ಟ. ಬ್ಯಾಗು ಖಾಲಿಯಾದಾಗ ಒಂದು ಸಲ ಮೂಗು ಎಳೆದುಕೊಂಡ. ಧೂಳಂತೆ.

ಉಗರಗೋಳದಲ್ಲಿ ಅಂಗಡಿಯ ಹಿಂದೆಯೇ ಮನೆ. ಅಂಗಳದಲ್ಲಿ ತೊಟ್ಟಿಲು ಜೋಡಿಸಿದೆವು. ದುರ್ಗಕ್ಕ ಬಾಗಿಲಿಗೆ ಬಂದಳು. ಥೇಟ್ ಗೌತಮನ ಹುಬ್ಬು, ಮಾವನ ನೋಟ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

"ಅಪ್ಪ ಕಳಿಸ್ಯಾನೋ, ನೀ ಕದ್ದು ತಂದೀಯೋ?"

ಗೌತಮ ತೊಟ್ಟಿಲ ಸರಪಳಿ ನೋಡುತ್ತಾ ನಿಂತ.

"ಕದ್ದು ತಂದಿದ್ರ ಹೊಳ್ಳಿ ಒಯ್ಯಿ, ತಮ್ಮಾ. ನನ್ನ ಮಗಳನ್ನ ಕದ್ದ ತೊಟ್ಟಿಲದಾಗ ಮಲಗಸೂದಿಲ್ಲ."

ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು, ಚಿಗವ್ವ. ಕೊಡಲಿಯ ಮಾತು ನೆನಪಾಗಿ ನುಂಗಿದೆ. ಅಷ್ಟರಲ್ಲಿ ಬಾಯವ್ವ ಒಳಗಿನಿಂದ ತುಂಬಿದ ಕೊಡ ಹೊತ್ತು ತಂದಳು. ಎತ್ತರದ ಹೆಂಗಸು, ಹಣೆ ತುಂಬ ಭಂಡಾರ.

"ಒಳಗ ಒಯ್ಯೂಕಿಂತ ಮೊದಲ ಒಂದೀಟು ನೀರ ಹಾಕತೇನಿ" ಅಂದಳು. "ದಾರ್‍ಯಾಗ ಧೂಳು ಹತ್ತಿರತೈತಿ."

ಎಂಥ ಧೂಳು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊಡ ಸೊಂಟದಿಂದ ಇಳಿಯಿತು. ದುರ್ಗಕ್ಕನ ಕೈ ಆಗಲೇ ಕಂಬಗಳ ಮೇಲಿತ್ತು. ಕಟ್ಟಿಗೆಯ ಕೆಲಸ ಬಲ್ಲವರು ಕಣ್ಣಿನಿಂದ ನೋಡುವುದಿಲ್ಲ, ಬೆರಳಿನಿಂದ ನೋಡುತ್ತಾರೆ.

"ಇದು ನಿಂದು" ಅಂದಳು ತಮ್ಮನಿಗೆ. "ಅವಸರ ಮಾಡೀದಿ. ಇದೂ ನಿಂದ. ಇದು ಯಾರದು?"

"ನಂದರಿ, ಅಕ್ಕಾ" ಅಂದೆ.

ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು. "ಇವನಕಿಂತ ಚಲೋ ಐತಿ."

ನಾಲ್ಕನೆಯದಕ್ಕೆ ಕೈ ಹಾಕಿದಳು. ಬೆರಳು ಕೆಳಗಿನಿಂದ ಮೇಲೆ ಬಂದು ಉಂಗುರಕ್ಕೆ ತಾಗಿ ನಿಂತಿತು. ಅದನ್ನು ತಿರುಗಿಸಿದಳು. ಗರಗರ. ಮತ್ತೆ ತಿರುಗಿಸಿದಳು. ಬಾಯವ್ವ ಕೊಡ ಬಗ್ಗಿಸಿಕೊಂಡು ಕಾಯುತ್ತಿದ್ದಳು. ಮಾಂತೇಶ ಕೂಸನ್ನೆತ್ತಿಕೊಂಡು ಕಾಯುತ್ತಿದ್ದ. ದುರ್ಗಕ್ಕ ತಿರುಗಿಸುತ್ತಲೇ ಇದ್ದಳು. ಕಣ್ಣಲ್ಲಿ ನೀರಿಲ್ಲ, ಏನಿಲ್ಲ.

ಆಮೇಲೆ ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದಳು. "ಅತ್ತಿ, ನೀರ ಹಾಕಬ್ಯಾಡ್ರಿ. ಕಟ್ಟಿಗಿ ಉಬ್ಬತೈತಿ. ಈ ನೀರ ಕುಡಿಯಾಕ ಕೊಡ್ರಿ, ನನ್ನ ತವರಮನಿಯವರು ಬಂದಾರ."

ಬಾಯವ್ವ ಅವಳನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು, ನಮ್ಮನ್ನು ನೋಡಿದಳು. ಕೊಡ ಕೆಳಗಿಟ್ಟು ಒಳಗೆ ಹೋದಳು. ನೀನು ಹೇಳಿದ್ದು ನೆನಪಾಯಿತು. ಯಾವ ಪಾತ್ರೆ ತರುತ್ತಾಳೆ ಎಂದು ಕಿವಿಗೊಟ್ಟು ಕುಳಿತೆ. ತಂದದ್ದು ಎರಡು ಕಾಗದದ ಕಪ್ಪು, ಅಂಗಡಿಯವು. ಮಾಂತೇಶ ಅವನ್ನು ನೋಡಿದ. ಕೂಸನ್ನು ತಾಯಿಯ ಕೈಗಿಟ್ಟು ಒಳಗೆ ಹೋಗಿ ಸ್ಟೀಲ್ ತಂಬಿಗೆ ತಂದು, ಕೊಡದಲ್ಲಿ ಮುಳುಗಿಸಿ ಗೌತಮನಿಗೆ ಕೊಟ್ಟ. ಬಾಯವ್ವ ತೊಟ್ಟಿಲಲ್ಲಿ ಹಾಸಿದ್ದ ನಿನ್ನ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು, "ಯಾವೂರ ನೇಯ್ಗಿ ಇದು?" ಎಂದು ಕೇಳಿದಳು. ಆ ತಂಬಿಗೆಯನ್ನು ನಾವು ಹೋದ ಮೇಲೆ ಏನು ಮಾಡಿದಳೋ ಗೊತ್ತಿಲ್ಲ. ನಾನು ಇನ್ನೂ ನಂಬಿಲ್ಲ. ಕೂಸಂತೂ ತೊಟ್ಟಿಲಲ್ಲಿ ಮಲಗಿತು.

ಸಂಜೆ ಮನೆಗೆ ಬಂದೆವು. ಮಾವ ಕಟ್ಟೆಯ ಮೇಲೆ ಸಾಣೆಕಲ್ಲು ತೊಳೆಯುತ್ತಿದ್ದರು. ಗೌತಮ ಒಳಗೆ ಹೋದ. ನಾನು ಚಪ್ಪಲಿ ಬಿಡುತ್ತಾ ನಿಂತೆ. ಮಾವ ಕಲ್ಲಿಗೆ ಹೇಳುವ ಹಾಗೆ ಕೇಳಿದರು:

"ಏನರ ಅಂದ್ಳೇನು?"

"ಏನೂ ಅನ್ನಲಿಲ್ರಿ. ನಾವೂ ಏನೂ ಹೇಳಲಿಲ್ಲ" ಅಂದೆ. "ಉಂಗುರ ತಿರುಗಿಸಿದ್ರು."

ಅವರ ಕೈ ನಿಂತಿತು.

"ಎಷ್ಟೊತ್ತು?" ಅಂದರು.

ನಿನ್ನ,
ಪ್ರಜ್ಞಾ